ನಾಲ್ಕು ಕೈ ದಾಟಿದ ದೋಣಿ ನನ್ನ ಹೆಸರಿಗೆ ಆದದ್ದು

ಕಳೆದ ವಾರ ದೋಣಿಯ ಆರ್‌ಸಿ ನನ್ನ ಹೆಸರಿಗೆ ಬಂತು. ಅದರ ಹಿಂದೆಯೇ ಸರ್ವೆ ಸರ್ಟಿಫಿಕೇಟೂ, ಅಂದರೆ ದೋಣಿ ಓಡಿಸಲು ಯೋಗ್ಯ ಅಂತ ಪರೀಕ್ಷೆ ಮಾಡಿ ಕೊಡುವ ಪತ್ರವೂ ಕೈಗೆ ಸಿಕ್ಕಿತು. ಹಳೇ ಪ್ಯಾಸೆಂಜರ್ ದೋಣಿ ಕೊಳ್ಳಬೇಕು ಅಂತಿರುವವರು, ಮನೆಯ ಹಿರಿಯರು ಓಡಿಸುತ್ತಿದ್ದ ದೋಣಿಗೆ ಈಗ ಕಾಗದ ಸರಿ ಮಾಡಿಸಬೇಕಾದವರು ನಮ್ಮ ಕೊಡಗಿನಲ್ಲಿ ಇನ್ನೂ ಕೆಲವರಿದ್ದಾರೆ. ಒಬ್ಬೊಬ್ಬರೇ ಫೋನ್ ಮಾಡಿ ಕೇಳುತ್ತಿದ್ದಾರೆ. ಎಲ್ಲರಿಗೂ ಮೊದಲಿಂದ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹಳೇ ದೋಣಿಯ ಒಡಲು, ಇಂಜಿನ್ ಎಲ್ಲ ಆಮೇಲೆ ನೋಡಿ. ಮೊದಲು ಅದು ಯಾರಿಂದ ಯಾರಿಗೆ ಹೋಯಿತು, ಪ್ರತಿಯೊಬ್ಬರ ಕೈಯಲ್ಲಿ ಏನೇನು ಬದಲಾಯಿತು ಅಂತ ನೋಡಿ. ನನ್ನ ದುಡ್ಡು, ನಿದ್ದೆ ಎರಡೂ ಹೋದದ್ದು ಅಲ್ಲೇ.

ದೋಣಿ ದೊಡ್ಡದೇನಲ್ಲ. ಫೈಬರ್ ಒಡಲು, ಸುಮಾರು 27 ಅಡಿ ಉದ್ದ, ಒಳಗೇ ಕೂರಿಸಿದ ಡೀಸೆಲ್ ಇಂಜಿನ್. ನಮ್ಮ ಸೋದರಮಾವ ಅದನ್ನು ಹಾರಂಗಿ ಹಿನ್ನೀರಿನಲ್ಲಿ ಓಡಿಸುತ್ತಿದ್ದರು. ಬೆಳಿಗ್ಗೆ ಆಚೆ ದಡದ ತೋಟಗಳಿಗೆ ಕೂಲಿಯವರನ್ನು ದಾಟಿಸುವುದು, ಸಂಜೆ ವಾಪಸ್ ಕರೆತರುವುದು. ಮಧ್ಯೆ ಅಕ್ಕಿ ಮೂಟೆ, ಗೊಬ್ಬರದ ಚೀಲ, ಒಮ್ಮೊಮ್ಮೆ ಮದುವೆಗೆ ಹೊರಟವರು. ಕಾಫಿ ಕೊಯ್ಲಿನ ಕಾಲದಲ್ಲಿ ಉಸಿರಾಡಲೂ ಬಿಡುವಿಲ್ಲ. ರಸ್ತೆಯಲ್ಲಿ ಸುತ್ತಿ ಹೋದರೆ ಹೊತ್ತೂ ಹೋಗುತ್ತದೆ, ಆಟೋಗೆ ಕೂಲಿಯೂ ಹೋಗುತ್ತದೆ. ಹಾಗಾಗಿ ಅಲ್ಲಿಯ ಜನಕ್ಕೆ ಇದೇ ಬಸ್ಸು. ಮಾವನಿಗೆ ಮಂಡಿ ನೋವು ಜಾಸ್ತಿಯಾಯಿತು. "ಇನ್ನು ನನ್ ಕೈಲಾಗಲ್ಲ, ನೀನೇ ನೋಡ್ಕೋಪ್ಪಾ" ಅಂತ ಇಂಜಿನ್ ಕೀ ಜೊತೆ ಒಂದು ಪ್ಲಾಸ್ಟಿಕ್ ಕವರು ಕೊಟ್ಟರು.

ಕವರಿನಲ್ಲಿ ಇದ್ದದ್ದು ಇಷ್ಟು: ಕೇರಳದ ಹಳೇ ರಿಜಿಸ್ಟ್ರೇಷನ್ ಪುಸ್ತಕ, ಎರಡು ಸ್ಟಾಂಪ್ ಪೇಪರ್ ಕರಾರು, ಅವಧಿ ಮುಗಿದ ವಿಮೆ. ಪುಸ್ತಕದಲ್ಲಿ ಮಾವನ ಹೆಸರೇ ಇರಲಿಲ್ಲ! ಮೊದಲ ಮಾಲೀಕರ ಹೆಸರು, ಅದರ ಕೆಳಗೆ ಒಂದು ರೆಸಾರ್ಟಿನ ಪಾರ್ಟ್ನರ್‌ಶಿಪ್ ಹೆಸರು, ಪಕ್ಕದಲ್ಲಿ ಬ್ಯಾಂಕ್ ಸಾಲದ ಸೀಲು. ಅಲ್ಲಿಗೆ ಮುಗಿಯಿತು. ರೆಸಾರ್ಟಿನವರು ಒಬ್ಬ ಕಂಟ್ರಾಕ್ಟರಿಗೆ ಮಾರಿದ್ದರು, ಕಂಟ್ರಾಕ್ಟರು ಮಾವನಿಗೆ ಮಾರಿದ್ದರು. ಈ ಎರಡೂ ವ್ಯಾಪಾರ ಬರೀ ಸ್ಟಾಂಪ್ ಪೇಪರಿನ ಮೇಲೆ. ದಲ್ಲಾಳಿ ಆಗ ಮಾವನಿಗೆ, "ದೋಣಿಗೆಲ್ಲ ಇಷ್ಟೇ ಸಾಕು, ಯಾರು ಕೇಳ್ತಾರೆ" ಅಂದಿದ್ದನಂತೆ. ಆ ಮನುಷ್ಯನ ಫೋನು ಈಗ ಯಾವಾಗಲೂ ಸ್ವಿಚ್ ಆಫ್.

ಈಗ ಕೇಳುತ್ತಾರೆ. ಒಳನಾಡು ದೋಣಿಗಳಿಗೆ ಇದ್ದ 1917ರ ಹಳೇ ಕಾಯ್ದೆ ಹೋಗಿ 2021ರ ಹೊಸ ಕಾಯ್ದೆ ಬಂದಿದೆ. 2022ರ ಜೂನ್ 7ರಿಂದ ಅದು ಜಾರಿಯಲ್ಲಿದೆ. ಇಂಜಿನ್ ಇರುವ ದೋಣಿ ಅಂದಮೇಲೆ ಸರ್ವೆ, ನೋಂದಣಿ, ವಿಮೆ, ಓಡಿಸುವವರಿಗೆ ಅರ್ಹತಾ ಪತ್ರ, ಎಲ್ಲವೂ ಬೇಕು. ಹುಟ್ಟು ಹಾಕುವ ದೋಣಿಗಳ ವಿಷಯ ಬೇರೆ, ಅವಕ್ಕೆ ಕಾಯ್ದೆಯಲ್ಲೇ ಬೇರೆ ಅಧ್ಯಾಯ ಇದೆ. ಹೊಸ ಕಾಯ್ದೆಯಲ್ಲಿ ನಮ್ಮಂಥವರಿಗೆ ಒಂದು ಅನುಕೂಲವೂ ಉಂಟು. ಒಂದು ರಾಜ್ಯದಲ್ಲಿ ಆದ ನೋಂದಣಿ ದೇಶದ ಎಲ್ಲ ಕಡೆ ನಡೆಯುತ್ತದೆ. ಕೇರಳದ ನಂಬರು ಅಂತ ಕರ್ನಾಟಕದಲ್ಲಿ ಮತ್ತೆ ಮೊದಲಿಂದ ಶುರು ಮಾಡಬೇಕಾಗಿಲ್ಲ. ಆದರೆ ಹೆಸರು ಮಾತ್ರ ಸರಿಯಾಗಿರಬೇಕು. ಹೆಸರು ಬದಲಾಗುವುದು ಪುಸ್ತಕ ಕೊಟ್ಟ ಕಡೆಯೇ. ಅಂದರೆ ಕಣ್ಣೂರು ಕಡೆಗೆ ಓಡಾಟ.

ಕುಶಾಲನಗರದಿಂದ ಸಿದ್ದಾಪುರ, ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ ಇಳಿದು ಇರಿಟ್ಟಿ. ಅಲ್ಲಿಂದ ಕಣ್ಣೂರು. ದೋಣಿ ಬಂದದ್ದೂ ಇದೇ ದಾರಿಯಲ್ಲಿ, ಲಾರಿ ಮೇಲೆ. ಲಾರಿಯ ಲೋಡು 2.6 ಮೀಟರಿಗಿಂತ ಅಗಲ ಇದ್ದರೆ ಬೇರೆ ಅನುಮತಿ ಬೇಕಾಗುತ್ತದೆ. ನಮ್ಮದು ಎಂಟು ಅಡಿ ಅಗಲ, ಅಂದರೆ ಸುಮಾರು 2.44 ಮೀಟರ್. ಅದಕ್ಕೇ ಬಚಾವ್. ಮಾಕುಟ್ಟದ ತಿರುವುಗಳಲ್ಲಿ ಮಾವ ಲಾರಿಯ ಮುಂದೆ ನಡೆದುಕೊಂಡೇ ಬಂದರಂತೆ, ಮರದ ಕೊಂಬೆ ತಾಗದ ಹಾಗೆ ಕೋಲು ಹಿಡಿದು. ದೋಣಿ ತರಿಸುವವರು ಮಳೆಗಾಲ ಬಿಟ್ಟು ತರಿಸಿ. ಮಳೆಯಲ್ಲಿ ಆ ಘಾಟಿಯ ನಂಬಿಕೆಯಿಲ್ಲ.

ದೋಣಿಯ ಪುಸ್ತಕ ಕೊಟ್ಟಿದ್ದ ಬಂದರು ಕಚೇರಿಯ ಗುಮಾಸ್ತರು ಒಳ್ಳೆಯವರು. ಪುಸ್ತಕ ತಿರುವಿ ಹಾಕಿ, "ಮಧ್ಯದ ಎರಡು ಮೆಟ್ಟಿಲು ಇಲ್ಲವಲ್ಲ" ಅಂದರು. ನಾನು ನೇರವಾಗಿ ರೆಸಾರ್ಟಿನ ಹೆಸರಿಂದ ನನ್ನ ಹೆಸರಿಗೆ ಹಾರುವಂತಿಲ್ಲ. ರೆಸಾರ್ಟಿನಿಂದ ಕಂಟ್ರಾಕ್ಟರಿಗೆ, ಅಲ್ಲಿಂದ ಮಾವನಿಗೆ, ಮಾವನಿಂದ ನನಗೆ. ಪ್ರತಿ ಹಂತಕ್ಕೂ ಮಾರಾಟ ಪತ್ರ, ಗುರುತಿನ ಚೀಟಿ, ಅಫಿಡವಿಟ್. ಅದರ ಜೊತೆಗೆ ಬ್ಯಾಂಕ್ ಸಾಲ ತೀರಿದೆ ಅಂತ ಪತ್ರ. ಅವರು ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ನಿಮ್ಮ ಕಚೇರಿಯಲ್ಲೂ ಹಾಗೆ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಮುಂದಿನ ಸಲ ಬೇರೆ ಟೇಬಲ್ಲಿನಲ್ಲಿ ಬೇರೆಯಾಗುತ್ತದೆ.

ವಾಪಸ್ ಬರುವಾಗ ಪರಶ್ಶಿನಿಕಡವಿಗೆ ಹೋಗಿ ಮುತ್ತಪ್ಪನಿಗೆ ಕೈಮುಗಿದೆ. ಕೊಡಗಿನವರು ಕಣ್ಣೂರಿಗೆ ಹೋದರೆ ಅಲ್ಲಿಗೆ ಹೋಗದೆ ಬರುವುದು ಕಡಿಮೆ. ಬೇಯಿಸಿದ ಕಾಳು, ತೆಂಗಿನಕಾಯಿ ಚೂರು, ಚಹಾ ಪ್ರಸಾದ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಎರಡು ಸಲ ಕೇಳಿ ಹಾಕಿಸಿಕೊಂಡೆ. ಕೆಳಗೆ ವಳಪಟ್ಟಣಂ ಹೊಳೆಯಲ್ಲಿ ಸರ್ಕಾರಿ ಪ್ಯಾಸೆಂಜರ್ ದೋಣಿಗಳು ಈಗಲೂ ಓಡುತ್ತವೆ. ನಮ್ಮ ದೋಣಿ ಮೊದಲು ದುಡಿದದ್ದೂ ಇದೇ ಹೊಳೆಯಲ್ಲಿ. ಈ ಹೊಳೆಗೆ ಸೇರುವ ಬಾರಾಪೊಳೆ ಹುಟ್ಟುವುದು ನಮ್ಮ ಬ್ರಹ್ಮಗಿರಿ ಕಡೆಯ ಕಾಡಿನಲ್ಲಿ. ಕೊಡಗಿನಿಂದ ಪಡುವಣಕ್ಕೆ ಇಳಿದ ನೀರಿನಲ್ಲಿ ಹುಟ್ಟಿದ ದೋಣಿ ಈಗ ಕಾವೇರಿಗೆ ಸೇರುವ ಹಾರಂಗಿಯಲ್ಲಿದೆ.

ರೆಸಾರ್ಟಿನ ಕಥೆ ಉದ್ದ. ಅದು ಮುಚ್ಚಿಹೋಗಿದೆ. ಮೂವರು ಪಾಲುದಾರರು. ಕರಾರಿಗೆ ಸಹಿ ಹಾಕಿದ್ದು ಒಬ್ಬರು ಮಾತ್ರ. ಉಳಿದ ಇಬ್ಬರ ಒಪ್ಪಿಗೆಯೂ ಬೇಕು ಅಂತಾಯಿತು. ಒಬ್ಬರು ಪಯ್ಯನ್ನೂರಿನಲ್ಲೇ ಇದ್ದರು. ಮನೆಗೆ ಹೋದರೆ ಊಟ ಹಾಕಿದರು, ಸಹಿ ಮಾತ್ರ ಹಾಕಲಿಲ್ಲ. ಪಾಲುದಾರರ ನಡುವೆ ಯಾವುದೋ ಹಳೇ ಲೆಕ್ಕದ ಜಗಳ. "ದೋಣಿ ಮಾರಿದ ದುಡ್ಡಲ್ಲಿ ನನಗೆ ಒಂದು ಪೈಸೆ ಬಂದಿಲ್ಲ, ನಾನ್ಯಾಕೆ ಸಹಿ ಹಾಕಲಿ" ಅಂದರು. ಅವರ ಮಾತೂ ನ್ಯಾಯವೇ. ಆದರೆ ಆ ಜಗಳದಲ್ಲಿ ನಾನು ಯಾರು? ಅವರ ಮಗಳು ಮಧ್ಯೆ ಬಂದು ಅಪ್ಪನಿಗೆ ಸಮಾಧಾನ ಹೇಳಿದಳು. ಕೊನೆಗೆ, ಈ ಸಹಿಯಿಂದ ಪಾಲಿನ ಹಕ್ಕು ಬಿಟ್ಟ ಹಾಗಲ್ಲ ಅಂತ ಒಂದು ಸಾಲು ಸೇರಿಸಿ ಸಹಿ ಆಯಿತು. ಸಿಟ್ಟಿರುವ ಪಾಲುದಾರರ ಹತ್ತಿರ ಹೋಗುವವರು ಇಂಥ ಸಾಲನ್ನು ವಕೀಲರಿಂದ ಬರೆಸಿಕೊಂಡೇ ಹೋಗಿ.

ಮೂರನೆಯವರು ದುಬೈನಲ್ಲಿ. ಅವರು ಒಪ್ಪಿದರು, ತಮ್ಮನಿಗೆ ಪವರ್ ಆಫ್ ಅಟಾರ್ನಿ ಕಳಿಸುತ್ತೇನೆ ಅಂದರು. ಇಲ್ಲಿ ಎರಡು ವಿಷಯ ನೆನಪಿಡಿ. ಅದಕ್ಕೆ ಅಲ್ಲಿಯ ಭಾರತೀಯ ಕಾನ್ಸುಲೇಟಿನ ಸೀಲು ಬೇಕು. ಆ ಕಾಗದ ಭಾರತಕ್ಕೆ ಬಂದ ಮೇಲೆ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಶುಲ್ಕ ಕಟ್ಟಿಸಬೇಕು. ತಮ್ಮ ಅದನ್ನು ಬೀರುವಿನಲ್ಲಿಟ್ಟು ತನ್ನ ಗೃಹಪ್ರವೇಶದ ಗಡಿಬಿಡಿಯಲ್ಲಿದ್ದ. ದಿನಾ ಫೋನ್ ಮಾಡಿ ಕಾಡಿ, ಅವಧಿ ಮುಗಿಯುವ ಹೊತ್ತಿಗೆ ಅಂತೂ ಕಟ್ಟಿಸಿದೆ.

ಬ್ಯಾಂಕಿನದು ಇನ್ನೊಂದು ತರಹ. ಸಾಲ ಕೊಟ್ಟ ಬ್ಯಾಂಕೇ ಈಗಿಲ್ಲ, ಇನ್ನೊಂದರಲ್ಲಿ ವಿಲೀನ ಆಗಿದೆ. ಹೊಸ ಬ್ಯಾಂಕಿನ ಶಾಖೆಯವರು "ನಮ್ಮ ಸಿಸ್ಟಂನಲ್ಲಿ ಇಂಥ ಸಾಲವೇ ಇಲ್ಲ" ಅಂದರು. ಇಲ್ಲ ಅಂದರೆ ಒಳ್ಳೆಯದೇ ಅಲ್ವಾ, ಅದನ್ನೇ ಬರೆದುಕೊಡಿ ಅಂದೆ. ಇಲ್ಲದ ಸಾಲಕ್ಕೆ ಪತ್ರ ಕೊಡುವ ನಿಯಮ ಇಲ್ಲವಂತೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸಾಲ ಮುಗಿಸಿದ ರಸೀದಿ ಪಯ್ಯನ್ನೂರಿನ ಪಾಲುದಾರರ ಹಳೇ ಫೈಲಿನಲ್ಲಿ ಸಿಕ್ಕಿತು. ಅದನ್ನು ಲಗತ್ತಿಸಿ ಬ್ಯಾಂಕಿನ ಮೇಲಿನ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅರ್ಜಿ ಹಾಕಿದೆ. ಮಳೆಗಾಲ ಪೂರ್ತಿ ಕಾದ ಮೇಲೆ ಪತ್ರ ಬಂತು. ಶಾಖೆಯಲ್ಲಿ ಜಗಳಾಡಿ ಪ್ರಯೋಜನವಿಲ್ಲ, ಸುಮ್ನೆ ಬಿಪಿ ಏರುತ್ತದೆ.

ಕಂಟ್ರಾಕ್ಟರು ತೀರಿಕೊಂಡಿದ್ದರು. ಅವರ ಹೆಂಡತಿ, ಮಕ್ಕಳು ವಾರಸುದಾರರ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಟಿದ್ದರು, ಒಂದೇ ದಿನದಲ್ಲಿ ಸಹಿ ಮಾಡಿಕೊಟ್ಟರು. ಒಂದು ಪೈಸೆ ಕೇಳಲಿಲ್ಲ. ಅವರ ಕೈಯಲ್ಲಿದ್ದಾಗ ದೋಣಿ ಒಂದು ಸೇತುವೆ ಕೆಲಸಕ್ಕೆ ಕೂಲಿಯವರನ್ನು, ಸಿಮೆಂಟನ್ನು ಹೊತ್ತಿತ್ತಂತೆ. ಆಗಲೇ ಇಂಜಿನ್ ಕೆಟ್ಟು ಬೇರೆ ಹಾಕಿಸಿದ್ದು ಅಂತ ಮಗ ಹೇಳಿದ. ಆ ಮಾತು ಕೇಳಿ ಎದೆ ಧಸಕ್ಕೆಂದಿತು. ಪುಸ್ತಕದಲ್ಲಿರುವ ಇಂಜಿನ್ ನಂಬರು, ದೋಣಿಯಲ್ಲಿರುವ ನಂಬರು ಬೇರೆ ಬೇರೆ ಅಂದರೆ ಸರ್ವೆಯಲ್ಲಿ ನಿಲ್ಲಿಸುತ್ತಾರೆ. ಬಿಲ್ಲು ಇದೆಯಾ ಅಂದೆ. ಮನೆಯ ಅಟ್ಟ ಹುಡುಕಿದರೂ ಸಿಗಲಿಲ್ಲ. ಆದರೆ ಯಾವ ಅಂಗಡಿಯಿಂದ ತಂದದ್ದು ಅಂತ ಅವನಿಗೆ ನೆನಪಿತ್ತು. ಆ ಅಂಗಡಿಯವರು ಹಳೇ ಕಂಪ್ಯೂಟರಿನಿಂದ ಬಿಲ್ಲಿನ ನಕಲು ತೆಗೆದು ಸೀಲು ಹೊಡೆದು ಕೊಟ್ಟರು. ನಮ್ಮ ಅದೃಷ್ಟ. ಇದು ಸಿಗದಿದ್ದರೆ ಈ ಇಂಜಿನ್ ಕದ್ದದ್ದಲ್ಲ ಅಂತ ಸಾಬೀತು ಮಾಡುವುದು ನನ್ನ ತಲೆಗೆ ಬರುತ್ತಿತ್ತು.

ಮೊದಲ ಮಾಲೀಕರನ್ನು ನೋಡಲೇಬೇಕು ಅಂತ ಇರಲಿಲ್ಲ. ಆದರೆ ಸರ್ವೆಗೆ ದೋಣಿಯ ಮೂಲ ಡ್ರಾಯಿಂಗ್ ಇದ್ದರೆ ಒಳ್ಳೆಯದು ಅಂತ ಗುಮಾಸ್ತರು ಹೇಳಿದ್ದರು. ಹುಡುಕಿಕೊಂಡು ಹೋದೆ. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. "ಚೇಟಾ, ನಿಮ್ಮ ಹಳೇ ದೋಣಿ ಈಗ ನಮ್ಮ ಹತ್ರ ಇದೆ" ಅಂತ ನನ್ನ ಹರಕು ಮಲಯಾಳಂನಲ್ಲಿ ಹೇಳಿದೆ. ಫೋನಿನಲ್ಲಿ ಫೋಟೋ ನೋಡಿ ಗುರುತೇ ಹಿಡಿಯಲಿಲ್ಲ. "ಮೇಲೆ ಇದೇನು ಕಟ್ಟಿದ್ದೀರಿ?" ಅಂದರು. ಅವರ ಕಾಲದಲ್ಲಿ ಎರಡು ಕಡೆ ಉದ್ದ ಬೆಂಚು, ಮೇಲೆ ಬಿಸಿಲಿಗೆ ಒಂದು ತೆಳ್ಳನೆ ಮಾಡು, ಅಷ್ಟೇ. ಕಡವಿನಲ್ಲಿ ಬೆಳಿಗ್ಗೆ ಶಾಲೆ ಮಕ್ಕಳು, ಮೀನು ಮಾರುವ ಹೆಂಗಸರು, ಬೀಡಿ ಕಟ್ಟುವವರು. ಹತ್ತಿರದಲ್ಲೇ ಸೇತುವೆ ಆದ ಮೇಲೆ ಜನ ಬಸ್ಸು ಹಿಡಿದರು. ದಿನದ ಡೀಸೆಲ್ ಖರ್ಚೂ ಹುಟ್ಟದಾದಾಗ ಮಾರಿದರಂತೆ. ಕಬ್ಬಿಣದ ಪೆಟ್ಟಿಗೆಯಿಂದ ಡ್ರಾಯಿಂಗ್ ತೆಗೆದರು. ದೋಣಿ ಕಟ್ಟಿದ ಯಾರ್ಡಿನ ಸೀಲು ಸಮೇತ. ಮಡಿಕೆಯಲ್ಲಿ ಹರಿದಿತ್ತು, ಆದರೂ ಎಲ್ಲ ಅಳತೆ ಓದಲು ಬರುತ್ತಿತ್ತು. ಇಡೀ ಓಡಾಟದಲ್ಲಿ ನನಗೆ ಸಿಕ್ಕ ಅತಿ ಬೆಲೆಯ ಕಾಗದ ಅದು, ಅದಕ್ಕೆ ಖರ್ಚಾದದ್ದು ಒಂದು ಪೊಟ್ಟಣ ಕಾಫಿಪುಡಿ.

ಹೆಸರು ಬದಲಾವಣೆ ಅರ್ಜಿ ಅಲ್ಲಿಗೆ ಒಳಗೆ ಹೋಯಿತು. ಆಮೇಲೆ ಸರ್ವೆ. ಇದು ನಮ್ಮ ಕಡೆಯೇ ಆಗಬೇಕು, ದೋಣಿ ಇರುವುದು ಇಲ್ಲಿ. ಸರ್ವೆಯರು ಕರಾವಳಿಯಿಂದ ಮೇಲೆ ಬರಬೇಕು. ಅವರಿಗೆ ತಳ ನೋಡಲು ದೋಣಿ ನೀರಿನಿಂದ ಹೊರಗಿರಬೇಕು, ಓಡಿಸಿ ನೋಡಲು ನೀರಿನಲ್ಲಿರಬೇಕು. ಹಾರಂಗಿ ಗೊತ್ತಲ್ಲ. ಮಳೆಗಾಲದಲ್ಲಿ 2,859 ಅಡಿಗೆ ತುಂಬಿ ನಿಂತರೆ, ಬೇಸಿಗೆಯಲ್ಲಿ ನೀರು ಎಷ್ಟೋ ದೂರ ಹಿಂದೆ ಹೋಗಿ ಬರೀ ಕೆಸರು. ತುಂಬಾ ಮಳೆ ಇರುವಾಗ ಸಂಪಾಜೆ ಘಾಟಿಯಲ್ಲಿ ಯಾರನ್ನೂ ಬನ್ನಿ ಅನ್ನುವ ಹಾಗಿಲ್ಲ. 2018ರ ಆಗಸ್ಟಿನಲ್ಲಿ ಆ ದಾರಿಯ ಜೋಡುಪಾಲದಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲೆ ನಾನಂತೂ ಕರೆಯುವುದಿಲ್ಲ. ಹಾಗಾಗಿ ನಾವು ಮಳೆ ಬಿಟ್ಟ ಮೇಲೆ, ನೀರು ಇನ್ನೂ ದಡದ ಹತ್ತಿರ ಇರುವಾಗ ದಿನ ಹಿಡಿದೆವು. ಟ್ರ್ಯಾಕ್ಟರ್ ಕಟ್ಟಿ, ಅಡಿಗೆ ಬಾಳೆದಿಂಡು ಹಾಕಿ ದೋಣಿಯನ್ನು ದಡಕ್ಕೆ ಎಳೆದೆವು. ನಿಮ್ಮದು ಜಲಾಶಯದ ದೋಣಿಯಾದರೆ ಈ ಹೊತ್ತೇ ಸರಿ.

ಸರ್ವೆಯರು ಮೊದಲು ನೋಡಿದ್ದು ಒಡಲನ್ನಲ್ಲ, ಇಂಜಿನ್ ಅನ್ನೂ ಅಲ್ಲ. ಮೇಲಿನ ಡೆಕ್ಕನ್ನು. ರೆಸಾರ್ಟಿನವರು ಟೂರಿಸ್ಟರು ಮೇಲೆ ಕೂರಲಿ ಅಂತ ಕಬ್ಬಿಣದ ಚೌಕಟ್ಟು ಹಾಕಿ ಪ್ಲೈವುಡ್ ಹಾಸಿದ್ದರು. ಕಂಟ್ರಾಕ್ಟರು ಅದರ ಮೇಲೆ ಟಾರ್ಪಾಲು ಕಟ್ಟಿದರು. ಮಾವ ಬಾಳೆಗೊನೆ, ಗೊಬ್ಬರ ಚೀಲ ಹೇರುತ್ತಿದ್ದರು. ಪ್ರತಿಯೊಬ್ಬರಿಗೂ ಅದು ಮೊದಲಿಂದ ಇದ್ದದ್ದೇ. ಡ್ರಾಯಿಂಗಿನಲ್ಲಿ ಮಾತ್ರ ಅದು ಇಲ್ಲ. "ಇದನ್ನು ಯಾರು ಪಾಸ್ ಮಾಡಿದ್ದು?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಎರಡು ದಾರಿ ಹೇಳಿದರು. ಒಂದು, ದೋಣಿ-ಹಡಗುಗಳ ವಿನ್ಯಾಸ ಮಾಡುವ ನೇವಲ್ ಆರ್ಕಿಟೆಕ್ಟ್ ಹತ್ತಿರ ಹೊಸ ಡ್ರಾಯಿಂಗ್, ತೂಕದ ಲೆಕ್ಕ ಎಲ್ಲ ಮಾಡಿಸುವುದು. ಇನ್ನೊಂದು, ಕಿತ್ತು ಹಾಕುವುದು.

ಮಾವನಿಗೆ ಸಿಟ್ಟು ಬಂತು. "ಇಷ್ಟು ವರ್ಷ ಏನೂ ಆಗಿಲ್ಲ" ಅಂದರು. ಸರ್ವೆಯರು ಜೋರು ಮಾಡಲಿಲ್ಲ. ಪಕ್ಕದಲ್ಲಿ ಕೂತು ಕೇರಳದ ತೇಕ್ಕಡಿಯಲ್ಲಿ ಆದ ದೋಣಿ ದುರಂತದ ವಿಷಯ ಹೇಳಿದರು. 2009ರ ಸೆಪ್ಟೆಂಬರ್ 30. ಎರಡು ಅಂತಸ್ತಿನ ದೋಣಿ, ಜನ ಒಂದೇ ಕಡೆಗೆ ವಾಲಿದರು, ಮಗುಚಿತು. 45 ಜನ ಹೋದರು. ಆಮೇಲೆ ಕೇರಳದ್ದೇ ತಾನೂರು, 2023ರ ಮೇ 7. ಮೀನು ಹಿಡಿಯುವ ದೋಣಿಯನ್ನು ಟೂರಿಸ್ಟ್ ದೋಣಿ ಮಾಡಿದ್ದು, ಹಿಡಿಸುವುದಕ್ಕಿಂತ ಜಾಸ್ತಿ ಜನ ಹತ್ತಿದ್ದು. 22 ಸಾವು, ಅದರಲ್ಲಿ ಮಕ್ಕಳೇ ಜಾಸ್ತಿ. ಮಾವ ಮತ್ತೆ ಮಾತಾಡಲಿಲ್ಲ. ಮಾರನೇ ದಿನ ವೆಲ್ಡಿಂಗ್ ಹುಡುಗನನ್ನು ಅವರೇ ಕರೆಸಿದರು. ಕಿತ್ತ ಕಬ್ಬಿಣ ಕುಶಾಲನಗರದ ಗುಜರಿಗೆ ಹೋಯಿತು. ಪ್ಲೈವುಡ್ ಈಗ ನಮ್ಮ ಕೋಳಿಗೂಡಿನ ಬಾಗಿಲು.

ಡೆಕ್ ತೆಗೆದ ಮೇಲೆ ವಾಲುವ ಪರೀಕ್ಷೆ. ಒಬ್ಬ ಪ್ರಯಾಣಿಕನಿಗೆ ಇಷ್ಟು ಕೆಜಿ ಅಂತ ಲೆಕ್ಕ ಹಾಕಿ ಮರಳಿನ ಚೀಲ ತುಂಬಬೇಕು. ಎಲ್ಲವನ್ನೂ ತೂಗಿ, ದೋಣಿಯಲ್ಲಿ ಜೋಡಿಸಿ, ಆಮೇಲೆ ಒಂದು ಬದಿಗೆ ಸರಿಸುತ್ತಾ ಹೋಗುತ್ತಾರೆ. ದೋಣಿ ಎಷ್ಟು ವಾಲುತ್ತದೆ, ಅಂಚಿಗೆ ನೀರು ಎಷ್ಟು ಹತ್ತಿರ ಬರುತ್ತದೆ ಅಂತ ಅಳೆಯುತ್ತಾರೆ. ಮರಳು, ಚೀಲ, ತಕ್ಕಡಿ, ಹೊರಲು ಜನ, ಎಲ್ಲ ನಮ್ಮದೇ ಏರ್ಪಾಡು. ಕೊಯ್ಲು ಶುರುವಾಗಿತ್ತು, ಕೂಲಿಗೆ ಒಬ್ಬರೂ ಸಿಗುತ್ತಿರಲಿಲ್ಲ. ದಿನಾ ಈ ದೋಣಿಯಲ್ಲಿ ದಾಟುತ್ತಿದ್ದವರೇ ಸಂಜೆ ಬಂದು ಚೀಲ ಹೊತ್ತರು. ಕಡೆಗೆ ಹಳೇ ಪುಸ್ತಕದ 24 ಸೀಟು 18 ಆಯಿತು. ದುಡಿಮೆಯ ಲೆಕ್ಕದಲ್ಲಿ ಇದು ಪೆಟ್ಟೇ. ಆದರೂ ಚೀಲಗಳು ಬದಿಗೆ ಸರಿದಾಗ ದೋಣಿ ವಾಲಿದ್ದನ್ನು ಕಣ್ಣಾರೆ ನೋಡಿದ ಮೇಲೆ, ಆ ಆರು ಸೀಟಿನ ಬಗ್ಗೆ ನನಗೆ ಬೇಸರವಿಲ್ಲ.

ಲೈಫ್ ಜಾಕೆಟ್, ಟ್ಯೂಬು, ಬೆಂಕಿ ಆರಿಸುವ ಸಿಲಿಂಡರ್ ಎಲ್ಲ ದುಡ್ಡು ಕೊಟ್ಟರೆ ಸಿಗುತ್ತವೆ. ಮಕ್ಕಳ ಅಳತೆಯ ಜಾಕೆಟ್ ಬೇರೆ ತಗೊಳ್ಳಿ. ದೊಡ್ಡವರದ್ದು ಮಗುವಿನ ತಲೆ ಮೇಲಿಂದ ಜಾರಿ ಹೋಗುತ್ತದೆ. ವಿಮೆಗೆ ಸರ್ವೆ ಕೇಳುತ್ತಾರೆ, ಸರ್ವೆಯವರು ವಿಮೆ ಕೇಳುತ್ತಾರೆ. ಸರ್ವೆಯ ವರದಿಯ ನಕಲು ತೋರಿಸಿ ವಿಮೆ ಮಾಡಿಸಿದರೆ ಈ ಗಂಟು ಬಿಡುತ್ತದೆ.

ಓಡಿಸುವವನದ್ದು ಮಾತ್ರ ಇನ್ನೂ ಪೂರ್ತಿ ಮುಗಿದಿಲ್ಲ. ಮಾವನ ಜೊತೆ ಇದ್ದ ಹುಡುಗ ಈ ಹಿನ್ನೀರಿನ ಅಡಿಯಲ್ಲಿ ಯಾವ ಮರದ ಬೊಡ್ಡೆ ಎಲ್ಲಿದೆ ಅಂತ ಕತ್ತಲಲ್ಲೂ ಹೇಳುತ್ತಾನೆ. ಅವನ ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ. ಕಣ್ಣಿನ ಪರೀಕ್ಷೆ, ವೈದ್ಯರ ಪತ್ರ ಆಗಿವೆ, ತರಬೇತಿ, ಪರೀಕ್ಷೆ ಬಾಕಿ. ಅಲ್ಲಿಯವರೆಗೆ ಸರ್ಟಿಫಿಕೇಟ್ ಇರುವ ಒಬ್ಬರನ್ನು ಸಂಬಳಕ್ಕೆ ಕರೆಸಿದ್ದೇವೆ. ಅವರು ಚುಕ್ಕಾಣಿ ಹಿಡಿಯುತ್ತಾರೆ, ಇವನು ಪಕ್ಕದಲ್ಲಿ ನಿಂತು ದಾರಿ ತೋರಿಸುತ್ತಾನೆ. ಎರಡು ಸಂಬಳ. ನಿಮ್ಮ ಹುಡುಗನ ಅರ್ಜಿಯನ್ನು ಮೊದಲ ದಿನವೇ ಹಾಕಿ, ಅದಕ್ಕೆ ದೋಣಿಯ ಕಾಗದಕ್ಕಾಗಿ ಕಾಯಬೇಕಾಗಿಲ್ಲ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ದೋಣಿಯ ಕಾಗದ ಬೇರೆ, ನೀರಿನ ಅನುಮತಿ ಬೇರೆ. ಹಾರಂಗಿ ಕಾವೇರಿ ನೀರಾವರಿ ನಿಗಮದ ಜಲಾಶಯ. ಅಲ್ಲಿ ದೋಣಿ ಓಡಿಸಲು ಅವರ ಒಪ್ಪಿಗೆ ಬೇಕೇ ಬೇಕು. ಮಾವನ ಹೆಸರಲ್ಲಿದ್ದ ಅನುಮತಿ ತಾನಾಗಿ ನನಗೆ ಬರುವುದಿಲ್ಲ, ಹೊಸ ಅರ್ಜಿ ಹಾಕಬೇಕಾಯಿತು. ಆರ್‌ಸಿ ನಿಮ್ಮ ಹೆಸರಿಗೆ ಆಗದೆ ಈ ಅರ್ಜಿಯನ್ನು ಹಾಕಿ ಲಾಭವಿಲ್ಲ.

ಖರ್ಚು ಎಲ್ಲರೂ ಕೇಳುತ್ತಾರೆ. ಸರ್ಕಾರಿ ಶುಲ್ಕ ಇದರಲ್ಲಿ ಚಿಕ್ಕ ಪಾಲು. ದೊಡ್ಡದು ಓಡಾಟ, ವಕೀಲರು, ನೋಟರಿ, ಮಲಯಾಳಂ ಕಾಗದಗಳ ಅನುವಾದ, ಟ್ರ್ಯಾಕ್ಟರ್, ವೆಲ್ಡಿಂಗ್, ಬಣ್ಣ, ಜಾಕೆಟ್. ಎಲ್ಲ ಸೇರಿ ಮಾವ ಆಗ ದೋಣಿಗೆ ಕೊಟ್ಟ ಬೆಲೆಯ ಅರ್ಧ ದಾಟಿತು. ಇದರ ಮೇಲೆ ದೋಣಿ ದಡದಲ್ಲಿ ನಿಂತಿದ್ದಷ್ಟು ದಿನ ದುಡಿಮೆ ಇಲ್ಲ. ಹಳೇ ದೋಣಿಯ ಬೆಲೆ ಮಾತಾಡುವಾಗ, ಪುಸ್ತಕ ಮಾರುವವರ ಹೆಸರಲ್ಲೇ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಈ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ಹೆಸರು ಆಗುವವರೆಗೆ ಸ್ವಲ್ಪ ದುಡ್ಡು ಹಿಡಿದಿಟ್ಟುಕೊಳ್ಳಿ. ನಮ್ಮ ಕಡೆ ಇದನ್ನು ಕೇಳಲು ಸಂಕೋಚ ಪಡುತ್ತಾರೆ. ಸಂಕೋಚ ಬೇಡ.

ಆರ್‌ಸಿ ಕೈಗೆ ಬಂದ ದಿನ ಅಂಗಡಿಯವನು ಲ್ಯಾಮಿನೇಟ್ ಮಾಡಿಕೊಡಲಾ ಅಂದ. ಮಾಡಿಸಬೇಡಿ. ಇಂಜಿನ್ ಬದಲಾದರೆ, ಮಾಲೀಕರು ಬದಲಾದರೆ ಅದರ ಮೇಲೆಯೇ ಬರೆದು ಸೀಲು ಹಾಕಬೇಕಾಗುತ್ತದೆ, ಪ್ಲಾಸ್ಟಿಕ್ ಮೇಲೆ ಶಾಯಿ ನಿಲ್ಲುವುದಿಲ್ಲ. ಲ್ಯಾಮಿನೇಟ್ ಬೇಕೇ ಬೇಕು ಅಂದರೆ ಒಂದು ಕಲರ್ ಜೆರಾಕ್ಸಿಗೆ ಮಾಡಿಸಿ.